ಮಗುವಿನ ಕಡೆಯಿಂದ ನೋಡಬಲ್ಲ ಬ್ಯಾರಿಸ್ಟರನ್ನು ಆರಿಸುವುದು ಹೇಗೆ: ಇಂಗ್ಲೆಂಡಿನ ಕನ್ನಡಿಗ ತಂದೆತಾಯಿಯರಿಗೆ ಕೈಪಿಡಿ

ಇಂಗ್ಲೆಂಡ್ ಅಥವಾ ವೇಲ್ಸ್‌ನಲ್ಲಿ ನೆಲೆಸಿದ ಕನ್ನಡಿಗ ದಂಪತಿ ಬೇರೆಯಾಗಲು ನಿರ್ಧರಿಸಿದಾಗ, ವಕೀಲರ ಮುಂದೆ ಅವರ ಬಾಯಿಂದ ಮೊದಲು ಹೊರಡುವ ಮಾತು ಸಾಮಾನ್ಯವಾಗಿ ‘ನನಗೆ ಮಗುವಿನ ಕಸ್ಟಡಿ ಬೇಕು’ ಎಂಬುದು. ಅಲ್ಲಿನ ಕುಟುಂಬ ನ್ಯಾಯಾಲಯ ಇಂದು ಹೊರಡಿಸುವ ಆದೇಶಗಳಲ್ಲಿ ಆ ಹೆಸರಿನದು ಯಾವುದೂ ಇಲ್ಲ. 1989ರ ಚಿಲ್ಡ್ರನ್ ಆಕ್ಟ್ 1991ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಾಗ ಕಸ್ಟಡಿಯ ಜಾಗಕ್ಕೆ ‘ರೆಸಿಡೆನ್ಸ್’ ಮತ್ತು ‘ಕಾಂಟ್ಯಾಕ್ಟ್’ ಎಂಬ ಆದೇಶಗಳು ಬಂದವು. 2014ರಲ್ಲಿ ಅವೂ ಹೋಗಿ ‘ಚೈಲ್ಡ್ ಅರೇಂಜ್‌ಮೆಂಟ್ಸ್ ಆರ್ಡರ್’ ಎಂಬ ಒಂದೇ ಆದೇಶ ಉಳಿಯಿತು. ಮಗು ಯಾರದು ಎಂಬ ಪ್ರಶ್ನೆಯನ್ನು ಕೈಬಿಟ್ಟು, ಮಗುವಿನ ದಿನಗಳು ಎಲ್ಲಿ, ಯಾರೊಂದಿಗೆ, ಹೇಗೆ ಸಾಗಬೇಕು ಎಂಬ ಪ್ರಶ್ನೆಯನ್ನು ಆ ಕಾನೂನು ಮುಂದಿಟ್ಟಿತು.

ಇದು ವಕೀಲರ ಆಯ್ಕೆಗೂ ನೇರವಾಗಿ ಸಂಬಂಧಿಸಿದ ವಿಷಯ. ಎದುರು ಪಕ್ಷವನ್ನು ಮಣಿಸಬಲ್ಲವರು ಯಾರೆಂದು ವಿಚಾರಿಸುವ ಬದಲು, ಮಗುವಿನ ಕಡೆಯಿಂದ ಇಡೀ ಪ್ರಕರಣವನ್ನು ನೋಡಿ ಅಭ್ಯಾಸವಿರುವವರು ಯಾರೆಂದು ವಿಚಾರಿಸಿದರೆ ನಿಮಗೂ ನಿಮ್ಮ ಮಗುವಿಗೂ ಹೆಚ್ಚು ಒಳಿತಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಕ್ಕಳ ಹಕ್ಕುಗಳ ಕೆಲಸದಿಂದ ವಕೀಲಿಗೆ ಬಂದ ಕೌಟುಂಬಿಕ ಕಾನೂನಿನ ಬ್ಯಾರಿಸ್ಟರ್‌ಗಳು ಅಂಥವರು. ಅವರನ್ನು ಹುಡುಕುವ, ನೇಮಿಸಿಕೊಳ್ಳುವ ಮತ್ತು ಅವರೊಂದಿಗೆ ಕೆಲಸ ಮಾಡುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಸ್ಕಾಟ್ಲೆಂಡಿನ ಕಾನೂನು ಬೇರೆಯದಾದ್ದರಿಂದ ಅಲ್ಲಿರುವವರಿಗೆ ಇದು ಅನ್ವಯಿಸುವುದಿಲ್ಲ.

ಬ್ಯಾರಿಸ್ಟರ್ ಎಂದರೆ ಯಾರು, ಹುಡುಕುವುದು ಎಲ್ಲಿ

ನಮ್ಮ ಊರಿನಲ್ಲಿ ಒಬ್ಬರೇ ವಕೀಲರು ಅರ್ಜಿ ಬರೆಯುತ್ತಾರೆ, ನೋಟಿಸ್ ಕಳಿಸುತ್ತಾರೆ, ನ್ಯಾಯಾಲಯದಲ್ಲಿ ವಾದವನ್ನೂ ಮಂಡಿಸುತ್ತಾರೆ. ಇಂಗ್ಲೆಂಡಿನಲ್ಲಿ ಈ ಕೆಲಸ ಎರಡಾಗಿ ಒಡೆದಿದೆ: ಕಡತ ನಡೆಸುವವರು, ಪತ್ರವ್ಯವಹಾರ ಮಾಡುವವರು ಸಾಲಿಸಿಟರ್; ವಾದ ಮಂಡಿಸುವವರು, ಜಟಿಲ ಪ್ರಶ್ನೆಗಳಲ್ಲಿ ಅಭಿಪ್ರಾಯ ಕೊಡುವವರು ಬ್ಯಾರಿಸ್ಟರ್. ಬ್ಯಾರಿಸ್ಟರ್‌ಗಳಲ್ಲಿ ಬಹುತೇಕರು ಯಾವುದೇ ಸಂಸ್ಥೆಯ ನೌಕರರಾಗಿರದೆ, ಚೇಂಬರ್ಸ್ ಎಂಬ ಹಂಚಿಕೆಯ ಕಚೇರಿಯಲ್ಲಿ ಸ್ವತಂತ್ರವಾಗಿ ಕೆಲಸ ಮಾಡುತ್ತಾರೆ. ಅವರ ದಿನಾಂಕಗಳನ್ನೂ ಶುಲ್ಕವನ್ನೂ ನೋಡಿಕೊಳ್ಳುವವರು ಅಲ್ಲಿನ ಕ್ಲರ್ಕ್‌ಗಳು. ಕ್ಲರ್ಕ್ ಎಂಬ ಪದ ಕೇಳಿ ಅವರನ್ನು ಗುಮಾಸ್ತರೆಂದು ಕಡೆಗಣಿಸಬಾರದು. ನಿಮ್ಮ ಪ್ರಕರಣ ಯಾರ ಕೈಗೆ ಹೋಗುತ್ತದೆ ಎಂಬುದರಲ್ಲಿ ಅವರ ಮಾತಿಗೆ ಬಹಳ ತೂಕವಿದೆ.

ಸಾಲಿಸಿಟರ್ ಮೂಲಕವೇ ಬ್ಯಾರಿಸ್ಟರನ್ನು ನೇಮಿಸುವುದು ಹಳೆಯ ಕ್ರಮ. 2004ರಿಂದ ‘ಪಬ್ಲಿಕ್ ಆಕ್ಸೆಸ್’ ಎಂಬ ವ್ಯವಸ್ಥೆಯಡಿ, ಅದಕ್ಕಾಗಿ ತರಬೇತಿ ಪಡೆದ ಬ್ಯಾರಿಸ್ಟರನ್ನು ಸಾರ್ವಜನಿಕರೂ ನೇರವಾಗಿ ನೇಮಿಸಿಕೊಳ್ಳಬಹುದು. ಹಣ ಉಳಿಯುತ್ತದೆ ಎಂಬ ಕಾರಣಕ್ಕೆ ಅನೇಕರು ಈ ದಾರಿ ಹಿಡಿಯುತ್ತಾರೆ. ಆದರೆ ಕಡತ ನಡೆಸುವ ವಿಶೇಷ ಅನುಮತಿ ಇಲ್ಲದ ಬ್ಯಾರಿಸ್ಟರ್ ನಿಮ್ಮ ಪರವಾಗಿ ಅರ್ಜಿ ಸಲ್ಲಿಸುವಂತಿಲ್ಲ. ಗಡುವುಗಳನ್ನು ಕಾಯುವುದು, ದಾಖಲೆಗಳನ್ನು ಕಳಿಸುವುದು ಎಲ್ಲವೂ ನಿಮ್ಮ ತಲೆಯ ಮೇಲೆ ಬೀಳುತ್ತದೆ. ದಾಖಲೆಗಳನ್ನು ಅಚ್ಚುಕಟ್ಟಾಗಿ ಇಡಬಲ್ಲವರಿಗೆ, ವಿವಾದ ಒಂದೆರಡು ಪ್ರಶ್ನೆಗಳಿಗೆ ಸೀಮಿತವಾಗಿರುವವರಿಗೆ ಇದು ಸರಿಹೊಂದುತ್ತದೆ. ಮನೆಯಲ್ಲಿ ಹಿಂಸೆ ನಡೆದಿದ್ದರೆ, ಮಗುವನ್ನು ಹೊರದೇಶಕ್ಕೆ ಒಯ್ಯುವ ಭಯವಿದ್ದರೆ, ಅಥವಾ ಸ್ಥಳೀಯ ಆಡಳಿತದ ಸಮಾಜ ಕಾರ್ಯಕರ್ತರು ಈಗಾಗಲೇ ಮನೆಗೆ ಬಂದಿದ್ದರೆ ಸಾಲಿಸಿಟರ್ ಇಲ್ಲದೆ ಹೆಜ್ಜೆ ಇಡಬೇಡಿ.

ಹೆಸರು ಸಿಕ್ಕ ಕೂಡಲೇ ಮಾಡಬೇಕಾದ ಮೊದಲ ಕೆಲಸವೆಂದರೆ ಬ್ಯಾರಿಸ್ಟರ್‌ಗಳ ನಿಯಂತ್ರಣ ಸಂಸ್ಥೆಯಾದ ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡ್‌ನ ನೋಂದಣಿ ಪಟ್ಟಿಯಲ್ಲಿ ಅದನ್ನು ಪರಿಶೀಲಿಸುವುದು. ಆ ಪಟ್ಟಿ ಎಲ್ಲರಿಗೂ ಉಚಿತವಾಗಿ ತೆರೆದಿದ್ದು, ವಕೀಲಿ ನಡೆಸುವ ಅನುಮತಿ ಇದೆಯೇ, ಪಬ್ಲಿಕ್ ಆಕ್ಸೆಸ್ ಕೆಲಸಕ್ಕೆ ಅಧಿಕಾರವಿದೆಯೇ, ಶಿಸ್ತುಕ್ರಮದ ದಾಖಲೆ ಇದೆಯೇ ಎಂಬುದನ್ನು ಅಲ್ಲಿ ನೋಡಬಹುದು. ಕನ್ನಡ ಕೂಟದ ಪರಿಚಯಸ್ಥರು ‘ನಮ್ಮವರೇ’ ಎಂದು ತೋರಿಸಿದ ವ್ಯಕ್ತಿ ಸಾಲಿಸಿಟರೂ ಬ್ಯಾರಿಸ್ಟರೂ ಅಲ್ಲದ ಸಲಹೆಗಾರರಾಗಿರುವ ಸಾಧ್ಯತೆಯಿರುವುದರಿಂದ ಈ ಪರಿಶೀಲನೆಯನ್ನು ಸಂಕೋಚಪಟ್ಟು ಬಿಡಬಾರದು.

ಮಕ್ಕಳ ಹಕ್ಕುಗಳ ಹಿನ್ನೆಲೆಯನ್ನು ಗುರುತಿಸುವುದು

ಚೇಂಬರ್ಸ್‌ನ ಪರಿಚಯ ಪುಟದಲ್ಲಿ ‘ಮಕ್ಕಳ ಪ್ರಕರಣಗಳಲ್ಲಿ ಅನುಭವ’ ಎಂದು ಬರೆದಿರುವುದು ಮಾತ್ರದಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಕೌಟುಂಬಿಕ ಕಾನೂನಿನವರೆಲ್ಲ ಹಾಗೆಯೇ ಬರೆದುಕೊಳ್ಳುತ್ತಾರೆ. ಬ್ಯಾರಿಸ್ಟರ್ ಆಗುವ ಮೊದಲು ಅಥವಾ ಆದ ನಂತರ ಅವರು ನಿಜವಾಗಿ ಏನು ಮಾಡಿದ್ದಾರೆ ಎಂಬುದನ್ನು ನೋಡಿ. ಕೋರಮ್ ಚಿಲ್ಡ್ರನ್ಸ್ ಲೀಗಲ್ ಸೆಂಟರ್, ನ್ಯಾಷನಲ್ ಯೂತ್ ಅಡ್ವೊಕಸಿ ಸರ್ವಿಸ್, ಜಸ್ಟ್ ಫಾರ್ ಕಿಡ್ಸ್ ಲಾ ಮೊದಲಾದ ಸಂಸ್ಥೆಗಳಲ್ಲಿ ಕೆಲಸ ಮಾಡಿದ್ದಾರೆಯೇ? ಸರ್ಕಾರಿ ಆರೈಕೆಯಲ್ಲಿರುವ ಮಕ್ಕಳು ದೂರು ಕೊಡುವಾಗ ಅವರ ಪಕ್ಕ ನಿಲ್ಲುವ ಪ್ರತಿನಿಧಿಯಾಗಿದ್ದರೇ? ಪ್ರಕರಣದಲ್ಲಿ ಮಗುವಿನ ಹಿತ ನೋಡಿಕೊಳ್ಳಲು ನ್ಯಾಯಾಲಯ ನೇಮಿಸುವ ಗಾರ್ಡಿಯನ್ ಪರವಾಗಿ, ಅಂದರೆ ಮಗುವಿನ ಪರವಾಗಿಯೇ, ಎಷ್ಟು ಬಾರಿ ವಾದಿಸಿದ್ದಾರೆ? ಅಸೋಸಿಯೇಷನ್ ಆಫ್ ಲಾಯರ್ಸ್ ಫಾರ್ ಚಿಲ್ಡ್ರನ್‌ನ ಸದಸ್ಯತ್ವವೂ ಒಂದು ಸುಳಿವು, ಆದರೆ ಸುಳಿವು ಮಾತ್ರ.

ಈ ಹಿನ್ನೆಲೆಯ ತಿರುಳಿರುವುದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯಲ್ಲಿ: ತನ್ನನ್ನು ಕುರಿತ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ, ವಯಸ್ಸು ಮತ್ತು ಪ್ರೌಢತೆಗೆ ತಕ್ಕ ತೂಕ ಅದಕ್ಕೆ ಸಿಗಬೇಕು. ಬ್ರಿಟನ್ 1991ರಲ್ಲಿ, ಭಾರತ 1992ರಲ್ಲಿ ಆ ಒಡಂಬಡಿಕೆಗೆ ಬದ್ಧವಾದವು. ಕರ್ನಾಟಕದ ಗ್ರಾಮ ಪಂಚಾಯಿತಿಗಳ ಮಕ್ಕಳ ಗ್ರಾಮಸಭೆಯನ್ನು ಕಂಡವರಿಗೆ ಇದು ಹೊಸದಲ್ಲ. ಅಲ್ಲಿ ಮಕ್ಕಳು ಶಾಲೆಯ ಶೌಚಾಲಯದ ಬಗ್ಗೆ, ರಸ್ತೆಯ ಬಗ್ಗೆ ಎದ್ದು ನಿಂತು ಕೇಳುತ್ತಾರೆ. ಉತ್ತರಿಸುವ ಹೊಣೆ ಹಿರಿಯರದು, ನಿರ್ಧಾರದ ಹೊರೆಯೂ ಹಿರಿಯರದೇ. ಇಂಗ್ಲೆಂಡಿನ ಕುಟುಂಬ ನ್ಯಾಯಾಲಯದಲ್ಲೂ ಹೀಗೆಯೇ. ನ್ಯಾಯಾಧೀಶರು ತೂಗಿ ನೋಡಬೇಕಾದ ಅಂಶಗಳನ್ನು ಹೇಳುವ 1989ರ ಕಾನೂನಿನ ಕಲ್ಯಾಣ ಪಟ್ಟಿಯಲ್ಲಿ ಮೊದಲ ಅಂಶವೇ ಮಗುವಿನ ಇಚ್ಛೆ ಮತ್ತು ಭಾವನೆ. ಆದರೆ ಅದು ಏಳರಲ್ಲಿ ಒಂದು ಅಂಶ. ಶಾರೀರಿಕ, ಭಾವನಾತ್ಮಕ ಮತ್ತು ಶೈಕ್ಷಣಿಕ ಅಗತ್ಯಗಳು, ಬದಲಾವಣೆಯ ಪರಿಣಾಮ, ಮಗುವಿನ ಹಿನ್ನೆಲೆ, ಅದಕ್ಕೆ ಆಗಿರುವ ಅಥವಾ ಆಗಬಹುದಾದ ಹಾನಿ, ತಂದೆತಾಯಿಯರ ಸಾಮರ್ಥ್ಯ, ನ್ಯಾಯಾಲಯಕ್ಕಿರುವ ಅಧಿಕಾರಗಳು ಉಳಿದವು. ‘ಇಂತಿಷ್ಟು ವಯಸ್ಸು ತುಂಬಿದರೆ ಮಗು ಹೇಳಿದ್ದೇ ಅಂತಿಮ’ ಎಂಬ ಗೆರೆ ಅಲ್ಲಿಲ್ಲ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯೊಂದಿಗಿರಬೇಕು ಎಂದು ನಮ್ಮ 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ ಹೇಳುವಂಥ ಮಾತೂ ಅಲ್ಲಿಲ್ಲ. ಈ ಎರಡು ನಂಬಿಕೆಗಳನ್ನು ಬೆಂಗಳೂರಿನ ಬಂಧುಗಳು ಫೋನಿನಲ್ಲಿ ಮತ್ತೆ ಮತ್ತೆ ಹೇಳುವುದರಿಂದ ಇದನ್ನು ಒತ್ತಿ ಬರೆಯುತ್ತಿದ್ದೇನೆ.

ಮಗುವನ್ನು ಕೇಳುವುದಕ್ಕೆ ಕಾನೂನಿನಲ್ಲಿ ಸ್ಥಾನ ಬಂದದ್ದು ಕೆಲವರ ದೀರ್ಘ ಶ್ರಮದಿಂದ. ಕಾನೂನು ಸುಧಾರಣೆಗೆ ಸಲಹೆ ನೀಡುವ ಲಾ ಕಮಿಷನ್‌ನಲ್ಲಿದ್ದಾಗ 1989ರ ಕಾನೂನು ರೂಪುಗೊಳ್ಳಲು ಶ್ರಮಿಸಿದ ನ್ಯಾಯಾಧೀಶೆ ಬ್ರೆಂಡಾ ಹೇಲ್, ಮುಂದೆ 2006ರ ತೀರ್ಪೊಂದರಲ್ಲಿ, ನ್ಯಾಯಾಲಯದ ನಿರ್ಧಾರದೊಂದಿಗೆ ಬಾಳಬೇಕಾದವರು ಬೇರೆಲ್ಲರಿಗಿಂತ ಹೆಚ್ಚಾಗಿ ಮಗುವೇ ಎಂಬ ಅರ್ಥದ ಮಾತು ಬರೆದರು. ಅದಕ್ಕೂ ಒಂದು ವರ್ಷ ಮುಂಚೆ, ತಂದೆತಾಯಿಯರ ವ್ಯಾಜ್ಯದಲ್ಲಿ ತಮಗೆ ಪ್ರತ್ಯೇಕ ವಕೀಲರು ಬೇಕೆಂದು ಕೇಳಿದ 17, 15 ಮತ್ತು 13 ವರ್ಷದ ಮೂವರು ಸಹೋದರರಿಗೆ ಮೇಲ್ಮನವಿ ನ್ಯಾಯಾಲಯ ಆ ಅವಕಾಶ ಕೊಟ್ಟಿತು. ನಿಮ್ಮ ಬ್ಯಾರಿಸ್ಟರ್ ಈ ಪರಂಪರೆಯನ್ನು ತಿಳಿದವರಾಗಿದ್ದರೆ, ಮಗುವಿನ ಮಾತು ಯಾವ ಹಂತದಲ್ಲಿ, ಯಾವ ದಾರಿಯಿಂದ ನ್ಯಾಯಾಧೀಶರ ಬಳಿ ಹೋಗಬೇಕು ಎಂದು ಮೊದಲ ದಿನವೇ ಯೋಚಿಸುತ್ತಾರೆ.

ಒಂದು ತಪ್ಪು ಕಲ್ಪನೆಯನ್ನು ಇಲ್ಲಿಯೇ ನಿವಾರಿಸಬೇಕು. ಮಕ್ಕಳ ಹಕ್ಕುಗಳ ಹಿನ್ನೆಲೆಯ ಬ್ಯಾರಿಸ್ಟರನ್ನು ನೀವು ನೇಮಿಸಿಕೊಂಡರೆ ಅವರು ನಿಮ್ಮ ವಕೀಲರೇ ಹೊರತು ನಿಮ್ಮ ಮಗುವಿನ ವಕೀಲರಲ್ಲ. ಅವರು ಮಗುವನ್ನು ಭೇಟಿಯಾಗಿ ಮಾತನಾಡಿಸಲಿ ಎಂದು ಒತ್ತಾಯಿಸಬೇಡಿ. ನಿಮ್ಮ ಬೇಡಿಕೆಯನ್ನು ನಿಮ್ಮ ಪರವಾಗಿಯೇ ಅವರು ಮಂಡಿಸುತ್ತಾರೆ. ಆ ಬೇಡಿಕೆ ಮಗುವಿನ ಕಡೆಯಿಂದ ಹೇಗೆ ಕಾಣುತ್ತದೆ ಎಂದು ಮುಚ್ಚುಮರೆಯಿಲ್ಲದೆ ನಿಮಗೆ ಹೇಳುವುದು ಅವರಿಂದ ನಿಮಗೆ ಸಿಗುವ ದೊಡ್ಡ ಲಾಭ. ಮೊದಲ ಸಮಾಲೋಚನೆಯಲ್ಲಿ ಗಂಡ ಅಥವಾ ಹೆಂಡತಿಯ ತಪ್ಪುಗಳ ಪಟ್ಟಿಗೆ ಕೈಯೊಡ್ಡುವ ಮೊದಲು, ಮಗು ಬೆಳಿಗ್ಗೆ ಯಾರ ಜೊತೆ ಶಾಲೆಗೆ ಹೋಗುತ್ತದೆ, ಜ್ವರ ಬಂದಾಗ ಯಾರನ್ನು ಕರೆಯುತ್ತದೆ ಎಂದು ಕೇಳುವವರನ್ನು ಆರಿಸಿಕೊಳ್ಳಿ.

ಅರ್ಜಿಗೆ ಮುಂಚೆ, ಅರ್ಜಿಯ ನಂತರ

ಮಕ್ಕಳ ಕುರಿತ ಖಾಸಗಿ ಅರ್ಜಿಯನ್ನು, ಅಂದರೆ ತಂದೆತಾಯಿಯರ ನಡುವಿನ ವಿವಾದದ ಅರ್ಜಿಯನ್ನು, ಸಿ100 ಎಂಬ ನಮೂನೆಯಲ್ಲಿ ಸಲ್ಲಿಸಬೇಕು. ಅದಕ್ಕೂ ಮುಂಚೆ, ಮಧ್ಯಸ್ಥಿಕೆಯ ಸಾಧ್ಯತೆಯನ್ನು ತಿಳಿಸುವ ‘ಮಿಯಾಮ್’ ಎಂಬ ಸಭೆಗೆ ಹಾಜರಾಗುವುದು 2014ರಿಂದ ಕಡ್ಡಾಯ. ಮನೆಯ ಹಿಂಸೆಯ ಪುರಾವೆ ಇದ್ದರೆ ಅಥವಾ ತುರ್ತು ಅಪಾಯವಿದ್ದರೆ ವಿನಾಯಿತಿ ಇದೆ. ಖಾಸಗಿ ಪ್ರಕರಣಗಳಿಗೆ ಸರ್ಕಾರದ ಕಾನೂನು ನೆರವು 2013ರ ಏಪ್ರಿಲ್‌ನಿಂದ ಬಹುಮಟ್ಟಿಗೆ ನಿಂತಿದೆ. ಗೃಹಹಿಂಸೆ ಅಥವಾ ಮಗುವಿನ ಮೇಲಿನ ದೌರ್ಜನ್ಯದ ನಿಗದಿತ ಪುರಾವೆ ಇರುವವರು, ಆದಾಯದ ಮಿತಿಯೊಳಗಿದ್ದರೆ, ಈಗಲೂ ಅದನ್ನು ಕೇಳಬಹುದು. ಸ್ಥಳೀಯ ಆಡಳಿತವೇ ಮಗುವನ್ನು ತನ್ನ ಆರೈಕೆಗೆ ತೆಗೆದುಕೊಳ್ಳಲು ಅರ್ಜಿ ಹಾಕಿದ್ದರೆ ಮಾತು ಬೇರೆ: ತಂದೆತಾಯಿಯರಿಗೆ ಆದಾಯವನ್ನು ನೋಡದೆ ಕಾನೂನು ನೆರವು ಸಿಗುತ್ತದೆ, ಮಗುವಿಗೆ ತನ್ನದೇ ಗಾರ್ಡಿಯನ್ ಮತ್ತು ಸಾಲಿಸಿಟರ್ ಇರುತ್ತಾರೆ, ಪ್ರಕರಣ 26 ವಾರಗಳಲ್ಲಿ ಮುಗಿಯಬೇಕೆಂಬ ಗುರಿಯೂ ಇದೆ. ಅಂಥ ನೋಟಿಸ್ ಬಂದ ದಿನವೇ ಸಾಲಿಸಿಟರ್ ಬಳಿ ಹೋಗಿ.

ಖಾಸಗಿ ಅರ್ಜಿ ದಾಖಲಾದ ಮೇಲೆ ಕಾಫ್ಕಾಸ್ ಎಂಬ ಸಂಸ್ಥೆಯಿಂದ ನಿಮಗೆ ಕರೆ ಬರುತ್ತದೆ. ವೇಲ್ಸ್‌ನಲ್ಲಿ ಅದೇ ಕೆಲಸ ಮಾಡುವುದು ಕಾಫ್ಕಾಸ್ ಕಮ್ರಿ. ಪೊಲೀಸರು ಮತ್ತು ಸ್ಥಳೀಯ ಆಡಳಿತದ ದಾಖಲೆಗಳನ್ನು ಪರಿಶೀಲಿಸಿ, ಇಬ್ಬರೊಂದಿಗೂ ಮಾತನಾಡಿ, ಅವರು ನ್ಯಾಯಾಲಯಕ್ಕೆ ಸುರಕ್ಷತೆಯ ಕುರಿತು ಪತ್ರ ಬರೆಯುತ್ತಾರೆ. ವಿವಾದ ಮೊದಲ ವಿಚಾರಣೆಯಲ್ಲಿ ಬಗೆಹರಿಯದಿದ್ದರೆ, ಮಗುವನ್ನೂ ಕಂಡು ಮಾತನಾಡಿಸಿ ವಿವರವಾದ ಕಲ್ಯಾಣ ವರದಿ ಸಲ್ಲಿಸಲು ಅವರಿಗೆ ಆದೇಶವಾಗಬಹುದು. ನ್ಯಾಯಾಧೀಶರು ಈ ವರದಿಗೆ ಬಹಳ ಬೆಲೆ ಕೊಡುತ್ತಾರೆ. ವರದಿಯಲ್ಲಿ ತಪ್ಪಿದೆ ಎನಿಸಿದರೆ ಬರೆದವರ ಮೇಲೆ ಸಿಟ್ಟಾಗುವುದು ಫಲಕಾರಿಯಲ್ಲ. ಯಾವ ವಾಕ್ಯಕ್ಕೆ ಆಧಾರವಿಲ್ಲ, ಮಗುವಿನ ಯಾವ ಮಾತು ಬಿಟ್ಟುಹೋಗಿದೆ ಎಂದು ಗುರುತು ಹಾಕಿ ಬ್ಯಾರಿಸ್ಟರ್‌ಗೆ ಕೊಡಿ, ಅವರು ಅಂತಿಮ ವಿಚಾರಣೆಯಲ್ಲಿ ಅಧಿಕಾರಿಯನ್ನು ಪ್ರಶ್ನಿಸುತ್ತಾರೆ. ಪ್ರಕರಣ ತೀರಾ ಬಿಗಡಾಯಿಸಿದ್ದಲ್ಲಿ ಮಗುವನ್ನೇ ಪಕ್ಷಗಾರನನ್ನಾಗಿ ಸೇರಿಸಿ ಪ್ರತ್ಯೇಕ ಗಾರ್ಡಿಯನ್ ನೇಮಿಸುವಂತೆ ಕೌಟುಂಬಿಕ ಪ್ರಕ್ರಿಯಾ ನಿಯಮಗಳ 16.4ನೇ ನಿಯಮದಡಿ ಕೇಳುವ ಅವಕಾಶವಿದೆ. ಯಾವಾಗ ಕೇಳಬೇಕು, ಯಾವಾಗ ಕೇಳಬಾರದು ಎಂಬ ವಿವೇಚನೆಯಲ್ಲಿ ಗಾರ್ಡಿಯನ್ ಪರವಾಗಿ ವಾದಿಸಿದ ಅನುಭವ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಮನೆಯಲ್ಲಿ ಕನ್ನಡವನ್ನೇ ಆಡುವ ಮಗುವಾಗಿದ್ದರೆ, ಅಥವಾ ನಿಮಗೇ ಇಂಗ್ಲಿಷಿನಲ್ಲಿ ಮನಸ್ಸು ಬಿಚ್ಚಿ ಹೇಳುವುದು ಕಷ್ಟವಾದರೆ, ಕನ್ನಡ ದುಭಾಷಿ ಬೇಕೆಂದು ನಮೂನೆಯಲ್ಲಿಯೇ ಬರೆಯಿರಿ. ನ್ಯಾಯಾಲಯದ ವಿಚಾರಣೆಗೆ ದುಭಾಷಿಯನ್ನು ನ್ಯಾಯಾಲಯವೇ ತನ್ನ ವೆಚ್ಚದಲ್ಲಿ ಒದಗಿಸುತ್ತದೆ. ‘ಇಂಡಿಯನ್ ಭಾಷೆ’ ಎಂದಾಗಲಿ ‘ಹಿಂದಿ’ ಎಂದಾಗಲಿ ಬರೆದು ಸುಮ್ಮನಾಗಬೇಡಿ. ಯಾವ ಹಂತದಲ್ಲೂ ಮಗುವಿನಿಂದ ಅನುವಾದ ಮಾಡಿಸಬೇಡಿ. ಕನ್ನಡದ ವಾಟ್ಸಾಪ್ ಸಂದೇಶಗಳನ್ನು ಸಾಕ್ಷ್ಯವಾಗಿ ಕೊಡುವುದಿದ್ದರೆ ಸ್ವತಂತ್ರ ಅನುವಾದಕರಿಂದ ಭಾಷಾಂತರ ಮಾಡಿಸಬೇಕು. ‘ನೋಡ್ಕೋತೀನಿ’ ಎಂಬ ಒಂದು ಮಾತು ಆಶ್ವಾಸನೆಯೂ ಆಗಬಹುದು, ಬೆದರಿಕೆಯೂ ಆಗಬಹುದು. ಅದರ ಮೇಲೆ ಒಂದು ಮಗುವಿನ ವಾರಾಂತ್ಯಗಳು ನಿಂತಿರುತ್ತವೆ.

ದಾಖಲೆಗಳ ಕಡತ ಸಾಮಾನ್ಯವಾಗಿ 350 ಪುಟ ಮೀರಬಾರದು ಎಂಬ ನಿಯಮವಿದೆ. ಆದ್ದರಿಂದ ಮದುವೆಯ ಖರ್ಚಿನಿಂದ ಮೊದಲುಗೊಂಡು ಎಲ್ಲ ನೋವನ್ನೂ ದಾಖಲಿಸುವ ಆಸೆಯನ್ನು ಬಿಟ್ಟು, ಮಗುವಿನ ಶಾಲಾ ವರದಿ, ವೈದ್ಯರ ಪತ್ರ, ಕಳೆದ ಒಂದು ವರ್ಷದ ದಿನಚರಿ, ಇಬ್ಬರ ಕೆಲಸದ ವೇಳೆ, ಇವುಗಳೊಂದಿಗೆ ಎರಡು ಪುಟದ ಕಾಲಾನುಕ್ರಮಣಿಕೆಯನ್ನು ಬ್ಯಾರಿಸ್ಟರ್‌ಗೆ ಕೊಡಿ. ಗೃಹಹಿಂಸೆಯ ವಿಷಯ ಮಾತ್ರ ಇದಕ್ಕೆ ಹೊರತು: ಅದನ್ನು ‘ಹಳೆಯ ಮಾತು’ ಎಂದು ಮುಚ್ಚಿಡಬೇಡಿ, ದಿನಾಂಕಗಳೊಂದಿಗೆ ಪೂರ್ತಿ ಹೇಳಿ, ಏಕೆಂದರೆ ಅದಕ್ಕಾಗಿಯೇ 12ಜೆ ಎಂಬ ಪ್ರತ್ಯೇಕ ನಿರ್ದೇಶನವಿದೆ, ಪರದೆ, ಬೇರೆ ಕಾಯುವ ಕೋಣೆ ಮುಂತಾದ ಏರ್ಪಾಡುಗಳನ್ನು ವಿಚಾರಣೆಗೆ ಮುಂಚೆಯೇ ಕೇಳಬೇಕಾಗುತ್ತದೆ.

ಮಗುವಿನ ಮಾತನ್ನು ನೀವೇ ಸಂಗ್ರಹಿಸಲು ಹೋಗಬೇಡಿ. 2016ರ ಒಂದು ಪ್ರಕರಣದಲ್ಲಿ ತಂದೆ ಮಗಳ ಬಟ್ಟೆಯೊಳಗೆ ಧ್ವನಿಮುದ್ರಣದ ಸಾಧನ ಹೊಲಿದು ಅವಳು ಅಧಿಕಾರಿಗಳೊಂದಿಗೆ ಆಡಿದ ಮಾತುಗಳನ್ನು ಹಿಡಿದಿಟ್ಟಿದ್ದರು. ಅಲ್ಲಿಯವರೆಗೆ ತಂದೆಯೊಂದಿಗಿದ್ದ ಮಗು ತಾಯಿಯೊಂದಿಗೆ ವಾಸಿಸಬೇಕೆಂದು ನ್ಯಾಯಾಲಯ ಆದೇಶಿಸಿತು. ‘ಅಪ್ಪ ಬೇಡ ಅಂತ ಹೇಳು ಕಂದ’ ಎಂದು ಫೋನಿನಲ್ಲಿ ವಿಡಿಯೋ ಮಾಡುವುದೂ ಇದೇ ಜಾತಿಯ ಕೆಲಸ. ಹಾಗೆಯೇ ಪ್ರಕರಣದ ವಿವರಗಳನ್ನು ಬಂಧುಗಳ ಗುಂಪಿಗೆ ಹಾಕುವುದು ನ್ಯಾಯಾಂಗ ನಿಂದನೆಯಾಗಬಹುದು. ಯಾರಿಗೆ ಏನನ್ನು ತೋರಿಸಬಹುದು ಎಂದು ಬ್ಯಾರಿಸ್ಟರನ್ನು ಮೊದಲೇ ಕೇಳಿಕೊಳ್ಳಿ.

ಊರಿಗೆ ಹೋಗುವ ಪ್ರಶ್ನೆ

ನಮ್ಮ ಕುಟುಂಬಗಳಲ್ಲಿ ಅತಿ ಹೆಚ್ಚು ನೋವು ತುಂಬಿರುವುದು ಇಲ್ಲಿ. ಬೇಸಿಗೆ ರಜೆಗೆ ಮಗುವನ್ನು ಮೈಸೂರಿಗೋ ಹುಬ್ಬಳ್ಳಿಗೋ ಅಜ್ಜಿಯ ಮನೆಗೆ ಕರೆದೊಯ್ಯುವುದು ಸಹಜವಾದ ಆಸೆ. ಆದರೆ ಪೋಷಕ ಜವಾಬ್ದಾರಿ (ಮಗುವಿನ ಬಗ್ಗೆ ಕಾನೂನುಬದ್ಧ ಹಕ್ಕು ಮತ್ತು ಹೊಣೆ) ಹೊಂದಿರುವ ಇನ್ನೊಬ್ಬರ ಒಪ್ಪಿಗೆಯಾಗಲಿ ನ್ಯಾಯಾಲಯದ ಅನುಮತಿಯಾಗಲಿ ಇಲ್ಲದೆ 16 ವರ್ಷದೊಳಗಿನ ಮಗುವನ್ನು ಬ್ರಿಟನ್‌ನಿಂದ ಹೊರಗೆ ಒಯ್ಯುವುದು 1984ರ ಚೈಲ್ಡ್ ಅಬ್ಡಕ್ಷನ್ ಆಕ್ಟ್ ಪ್ರಕಾರ ಅಪರಾಧ. ಮಗು ತನ್ನೊಂದಿಗೆ ವಾಸಿಸಬೇಕೆಂಬ ಆದೇಶ ಪಡೆದವರು ಒಂದು ತಿಂಗಳಿಗಿಂತ ಕಡಿಮೆ ಅವಧಿಗೆ ಒಯ್ಯಬಹುದು, ಅದನ್ನು ತಡೆಯುವ ಬೇರೆ ಆದೇಶ ಇಲ್ಲದಿದ್ದರೆ.

ಮಕ್ಕಳನ್ನು ಗಡಿಯಾಚೆ ಒಯ್ದಾಗ ಬೇಗ ಮರಳಿಸಲು ನೆರವಾಗುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಇಂಗ್ಲೆಂಡಿನಿಂದ ತಾಯಿ ಕರೆತಂದ ಮಗುವೊಂದರ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ 2017ರ ಜುಲೈನಲ್ಲಿ, ವಿದೇಶಿ ನ್ಯಾಯಾಲಯದ ಆದೇಶ ಪರಿಗಣಿಸಬೇಕಾದ ಒಂದು ಅಂಶ ಮಾತ್ರ, ಮಗುವಿನ ಹಿತವೇ ಪ್ರಧಾನ ಎಂದು ಹೇಳಿ, ಮರಳಿಸುವ ಆದೇಶವನ್ನು ರದ್ದುಪಡಿಸಿತು. 2020ರಲ್ಲಿ ಅಮೆರಿಕದಿಂದ ಬೆಂಗಳೂರಿಗೆ ಬಂದಿದ್ದ ಮಗುವಿನ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಮಗು ಅಲ್ಲಿಗೆ ಮರಳುವುದರ ಪರವಾಗಿ ನಿಂತವು. ಫಲ ಏನಾಗುವುದೆಂದು ಮುಂಚಿತವಾಗಿ ಹೇಳಲಾಗದ ಈ ಸ್ಥಿತಿ ಇಂಗ್ಲೆಂಡಿನ ನ್ಯಾಯಾಧೀಶರಿಗೆ ಚೆನ್ನಾಗಿ ತಿಳಿದಿದೆ. ಹೀಗಾಗಿ ಪ್ರಯಾಣಕ್ಕೆ ಆಕ್ಷೇಪ ಬಂದಾಗ ಅವರು ಮೂರನ್ನು ತೂಗುತ್ತಾರೆ: ಮಗುವನ್ನು ಮರಳಿ ತರದಿರುವ ಅಪಾಯ ಎಷ್ಟು, ಹಾಗಾದರೆ ಮಗುವಿಗೆ ಆಗುವ ಹಾನಿ ಎಷ್ಟು, ಯಾವ ಭದ್ರತೆಗಳಿಂದ ಅದನ್ನು ತಡೆಯಬಹುದು.

ಊರಿಗೆ ಒಯ್ಯಬಯಸುವವರು ಇದಕ್ಕೆ ತಿಂಗಳುಗಳ ಮೊದಲೇ ಸಿದ್ಧವಾಗಬೇಕು. ಹಿಂದಿರುಗುವ ಟಿಕೆಟ್, ತಂಗುವ ವಿಳಾಸ, ಠೇವಣಿ ಇಡಬಹುದಾದ ಹಣ, ಭಾರತದ ಕಾನೂನು ಬಲ್ಲ ತಜ್ಞರ ವರದಿ, ಸಾಧ್ಯವಾದರೆ ಇಂಗ್ಲೆಂಡಿನ ಆದೇಶದ ಮಾದರಿಯಲ್ಲೇ ಭಾರತದ ನ್ಯಾಯಾಲಯದಲ್ಲಿ ಪಡೆಯುವ ಪ್ರತಿಬಿಂಬ ಆದೇಶ (ಮಿರರ್ ಆರ್ಡರ್), ಇವನ್ನೆಲ್ಲ ಬ್ಯಾರಿಸ್ಟರ್ ಜೊತೆ ಚರ್ಚಿಸಿ. ತಡೆಯಬಯಸುವವರು, ವಿಮಾನ ಹೊರಡುವ ಭಯವಿದ್ದರೆ, ಅಂಥ ಹೆಜ್ಜೆ ಇಡದಂತೆ ತಡೆಯುವ ‘ಪ್ರೊಹಿಬಿಟೆಡ್ ಸ್ಟೆಪ್ಸ್ ಆರ್ಡರ್’ ಅನ್ನು ಅದೇ ದಿನ ಕೇಳಬಹುದು. ಇಂಗ್ಲೆಂಡಿನ ಹೈಕೋರ್ಟ್ ಪಾಸ್‌ಪೋರ್ಟ್ ವಶಪಡಿಸಿಕೊಳ್ಳುವ ಆದೇಶವನ್ನೂ ಕೊಡಬಲ್ಲದು. ಎರಡೂ ಕಡೆಯವರಿಗೆ ಒಂದು ಮಾತು: ಅಜ್ಜ ಅಜ್ಜಿಯರ ಒಡನಾಟ, ಮನೆಮಾತು, ಹಬ್ಬ ಇವು ಮಗುವಿನ ಹಕ್ಕಿನ ಭಾಗವೇ, ಕಲ್ಯಾಣ ಪಟ್ಟಿಯ ‘ಹಿನ್ನೆಲೆ’ ಎಂಬ ಅಂಶದೊಳಗೆ ಬರುವಂಥವು. ಅವನ್ನು ಮಗುವಿನ ಅಗತ್ಯವಾಗಿ ಮಂಡಿಸಿದರೆ ನ್ಯಾಯಾಲಯ ಗಮನವಿಟ್ಟು ಕೇಳುತ್ತದೆ. ನಮ್ಮ ಕುಟುಂಬದ ಗೌರವದ ಪ್ರಶ್ನೆಯಾಗಿ ಮಂಡಿಸಿದರೆ ಕೇಳುವುದಿಲ್ಲ.

ಶುಲ್ಕ, ದೂರು, ಕೊನೆಯ ದಿನ

ಶುಲ್ಕವನ್ನು ಲಿಖಿತವಾಗಿ ಪಡೆಯಿರಿ. ಒಂದು ವಿಚಾರಣೆಗೆ ನಿಗದಿತ ಮೊತ್ತ ಕೇಳುವುದು ಗಂಟೆಯ ಲೆಕ್ಕಕ್ಕಿಂತ ಸುರಕ್ಷಿತ. ಅದರ ಮೇಲೆ 20% ವ್ಯಾಟ್ ಸೇರುತ್ತದೆಯೇ, ವಿಚಾರಣೆ ಮುಂದೂಡಿದರೆ ಎಷ್ಟು ಮರಳುತ್ತದೆ, ಬ್ಯಾರಿಸ್ಟರ್ ಬೇರೆ ಪ್ರಕರಣದಲ್ಲಿ ಸಿಲುಕಿದರೆ ಯಾರು ಬರುತ್ತಾರೆ ಎಂದು ಕ್ಲರ್ಕನ್ನು ಕೇಳಿ. ಹೆಸರಿನ ನಂತರ ಕೆ.ಸಿ. (ಕಿಂಗ್ಸ್ ಕೌನ್ಸೆಲ್) ಎಂದಿರುವ ಹಿರಿಯ ಬ್ಯಾರಿಸ್ಟರ್‌ಗಳು ಬಹುತೇಕ ಪ್ರಕರಣಗಳಿಗೆ ಬೇಕಾಗುವುದಿಲ್ಲ. ಸೇವೆಯಲ್ಲಿ ಲೋಪವಾದರೆ ಮೊದಲು ಚೇಂಬರ್ಸ್‌ಗೆ ಬರೆದು, ಎಂಟು ವಾರಗಳಲ್ಲಿ ಸಮಾಧಾನವಾಗದಿದ್ದರೆ ಲೀಗಲ್ ಓಂಬುಡ್ಸ್‌ಮನ್‌ಗೆ ಹೋಗಬಹುದು.

ಅಂತಿಮ ವಿಚಾರಣೆಗೆ ಮುಂಚೆ ಬ್ಯಾರಿಸ್ಟರನ್ನು ತಪ್ಪದೆ ಕೇಳಬೇಕಾದ, ಆದರೆ ಬಹಳ ಜನ ಮರೆಯುವ ಪ್ರಶ್ನೆಯೊಂದಿದೆ: ತೀರ್ಪನ್ನು ಮಗುವಿಗೆ ಹೇಳುವವರು ಯಾರು? 2017ರಲ್ಲಿ 14 ವರ್ಷದ ಹುಡುಗನೊಬ್ಬ ತಂದೆಯೊಂದಿಗೆ ಸ್ಕ್ಯಾಂಡಿನೇವಿಯಾದ ದೇಶವೊಂದಕ್ಕೆ ಹೋಗಿ ನೆಲೆಸಲು ಅನುಮತಿ ಕೋರಿ ತಾನೇ ಅರ್ಜಿ ಹಾಕಿದ್ದ. ನ್ಯಾಯಮೂರ್ತಿ ಪೀಟರ್ ಜಾಕ್ಸನ್ ಅದನ್ನು ನಿರಾಕರಿಸಿದರು, ಆದರೆ ತೀರ್ಪನ್ನು ಆ ಹುಡುಗನಿಗೇ ಬರೆದ ಪತ್ರದ ರೂಪದಲ್ಲಿ ಕೊಟ್ಟರು. ಅವನು ಬಯಸಿದ್ದು ಏಕೆ ಆಗುವುದಿಲ್ಲ ಎಂಬುದನ್ನು ಅವನಿಗೆ ತಿಳಿಯುವ ಮಾತಿನಲ್ಲಿ, ಅವನ ಘನತೆಗೆ ಕುಂದು ಬಾರದಂತೆ ವಿವರಿಸಿದರು. ಎಲ್ಲ ಮಕ್ಕಳಿಗೂ ಅಂಥ ಪತ್ರ ಸಿಗುವುದಿಲ್ಲ. ಆದರೆ ನ್ಯಾಯಾಧೀಶರು ಮಗುವಿಗಾಗಿ ಒಂದು ಪುಟ ಬರೆಯಲಿ ಎಂದು ನಿಮ್ಮ ಬ್ಯಾರಿಸ್ಟರ್ ಕೇಳಬಹುದು, ಅಥವಾ ಕಾಫ್ಕಾಸ್ ಅಧಿಕಾರಿಯೇ ಮಗುವನ್ನು ಕಂಡು ತಿಳಿಸಲಿ ಎಂದು ಕೋರಬಹುದು. ಅದಾಗದಿದ್ದರೆ, ನ್ಯಾಯಾಲಯದಿಂದ ಹೊರಡುವ ಮೊದಲು ಎರಡೂ ಕಡೆಯ ವಕೀಲರು ಕೂತು ನಾಲ್ಕು ವಾಕ್ಯಗಳನ್ನು ಒಪ್ಪಿ ಬರೆದುಕೊಡಲಿ. ಅವನ್ನು ಕನ್ನಡಕ್ಕೆ ತಿರುಗಿಸಿ, ಆ ಸಂಜೆ ಅಮ್ಮನ ಮನೆಯಲ್ಲೂ ಅಪ್ಪನ ಫೋನಿನಲ್ಲೂ ಮಗುವಿಗೆ ಅದೇ ನಾಲ್ಕು ವಾಕ್ಯಗಳನ್ನು ಹೇಳಿ.